ಮೂರು ಫೋಟೋ, ಒಂದೇ ಎಳೆ

ಮೈಕ್ರೋಸ್ಕೋಪಿನ ಸ್ಟೇಜಿನ ಮೇಲೆ ಸ್ಲೈಡೇ ಇರಲಿಲ್ಲ. ಆದರೂ ಆ ಕೆಂಪು ಎಳೆ ಕಾಣುತ್ತಿತ್ತು.

ಕೊಳವೆಯಿಂದ ಕಣ್ಣು ತೆಗೆದೆ. ಸೆರಗಿನಿಂದ ಕನ್ನಡಕ ಒರೆಸಿಕೊಂಡೆ. ಮತ್ತೆ ಬಗ್ಗಿ ನೋಡಿದೆ. ದುಂಡಗಿನ ಬಿಳಿ ಬೆಳಕು. ಅದರ ಬಲಗಡೆಯ ಮೇಲಂಚಿನಿಂದ ನಡುವಿನ ಕಡೆಗೆ ಚಾಚಿಕೊಂಡ ಒಂದು ಎಳೆ. ಗಡಿಯಾರದಲ್ಲಿ ಎರಡು ಗಂಟೆಯಾದಾಗ ಸಣ್ಣ ಮುಳ್ಳು ನಿಲ್ಲುವ ಜಾಗ. ಪೊಲೀಸರು ನನಗೆ ಕಳಿಸಿದ್ದ ಮೂರೂ ಫೋಟೋಗಳಲ್ಲಿ ಅದು ಇದ್ದದ್ದು ಸರಿಯಾಗಿ ಅಲ್ಲಿಯೇ.

ಐಪೀಸನ್ನು, ಅಂದರೆ ನಾವು ಕಣ್ಣಿಟ್ಟು ನೋಡುವ ಮೇಲಿನ ಕೊಳವೆಯನ್ನು, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದೆ.

ಎಳೆಯೂ ತಿರುಗಿತು. ಎರಡರಿಂದ ನಾಲ್ಕಕ್ಕೆ ಬಂತು, ನಾಲ್ಕರಿಂದ ಆರಕ್ಕೆ ಇಳಿಯಿತು.

"ಏನರ ಕಂಡ್ತೇನ್ರಿ ಅಕ್ಕಾರ?"

ಲ್ಯಾಬಿನ ಹೊಸ್ತಿಲ ಮೇಲೆ ಮುಬಶಿರಾ ಕೂತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ನವಲಗುಂದದಿಂದ ಬಂದವಳು, ಒಂದು ಲೋಟ ನೀರನ್ನೂ ಮುಟ್ಟಿರಲಿಲ್ಲ.

ಆಕೆಗೆ ಏನೆಂದು ಹೇಳಲಿ? ಆಕೆಯ ಗಂಡ ಮಹಬೂಬಸಾಬ ನಲವತ್ತು ದಿನದಿಂದ ಜೈಲಿನಲ್ಲಿರುವುದು ನನ್ನ ಒಂದು ಸಹಿಯಿಂದ. ಬೆಣ್ಣಿಹಳ್ಳದ ದಂಡೆಯಲ್ಲಿ ಹೆಣವಾಗಿ ಸಿಕ್ಕ ನರ್ಸ್ ಸುನೀತಾಳ ಉಗುರಿನ ಸಂದಿಯಲ್ಲಿದ್ದ ಎಳೆಯೂ ಮಹಬೂಬಸಾಬನ ಮನೆಯ ಜಮಖಾನೆಯ ಎಳೆಯೂ ಒಂದೇ ಎಂದು ಬರೆದು, ಕೆಳಗೆ 'ರಾಜೇಶ್ವರಿ, ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿ' ಎಂದು ಸಹಿ ಹಾಕಿ, ಸಾಲದೆಂಬಂತೆ ದಿನಾಂಕವನ್ನೂ ಚಂದಾಗಿ ಬರೆದವಳು ನಾನು.

"ಸ್ವಲ್ಪ ತಡಿಯವ್ವ," ಎಂದೆ. ಹೇಡಿ ನಾನು.

ಮೊಬೈಲು ತೆಗೆದು ಆ ಮೂರು ಫೋಟೋಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಒಂದು ಬಲಗೈ ಉಗುರಿನ ಕಸ, ಇನ್ನೊಂದು ಎಡಗೈದು, ಮೂರನೆಯದು ಕೊರಳ ಮೇಲಿನ ಗೀರಿನಿಂದ ತೆಗೆದದ್ದು. ಮೊದಲನೆಯದರ ಕೆಳಗೆ ನಲವತ್ತು ಪಟ್ಟು ಎಂದು ಬರೆದಿದೆ, ಎರಡನೆಯದಕ್ಕೆ ನೂರು, ಮೂರನೆಯದಕ್ಕೆ ನಾನೂರು.

ಮೈಕ್ರೋಸ್ಕೋಪು ಎರಡು ಹಂತದಲ್ಲಿ ದೊಡ್ಡದು ಮಾಡಿ ತೋರಿಸುತ್ತದೆ. ಕೆಳಗೆ, ಸ್ಲೈಡಿಗೆ ಇನ್ನೇನು ತಾಗಿತು ಅನ್ನುವಷ್ಟು ಹತ್ತಿರ ಇರುವ ಮಸೂರ ಮೊದಲೊಂದು ಬಿಂಬ ಮಾಡಿ ಕೊಳವೆಯೊಳಗೆ ಮೇಲಕ್ಕೆ ಕಳಿಸುತ್ತದೆ. ಆ ಬಿಂಬವನ್ನು ಐಪೀಸು ಇನ್ನೂ ಹತ್ತು ಪಟ್ಟು ಹಿಗ್ಗಿಸಿ ಕಣ್ಣಿಗೆ ಕೊಡುತ್ತದೆ. ಕೆಳಗಿನ ಮಸೂರ ಬದಲಿಸಿದರೆ ಸ್ಲೈಡಿನ ಮೇಲಿದ್ದದ್ದೆಲ್ಲ ಹಿಗ್ಗಬೇಕು. ಒಂದೂ ಬಿಡದೆ ಹಿಗ್ಗಬೇಕು.

ಫೋಟೋದಲ್ಲಿ ಕಸ ಹಿಗ್ಗಿತ್ತು. ಮೊದಲನೆಯದರಲ್ಲಿ ಚೂರುಗಳು ಸಾಸಿವೆಯಷ್ಟಿದ್ದರೆ ಮೂರನೆಯದರಲ್ಲಿ ಒಂದೇ ಚೂರು ಬೆಳಕಿನ ಅರ್ಧಭಾಗ ತುಂಬಿತ್ತು. ಆದರೆ ಎಳೆ ಮಾತ್ರ ಮೂರರಲ್ಲೂ ಅಷ್ಟೇ ದಪ್ಪ, ಅಷ್ಟೇ ಉದ್ದ. ನಾನೂರು ಪಟ್ಟಿನಲ್ಲಿ ಅದು ಹಗ್ಗದಂತೆ ಕಾಣಬೇಕಿತ್ತು. ಅದರ ಹತ್ತಿಯ ನಾರು ಒಂದೊಂದೂ ತಿರುಚಿದ ಚಪ್ಪಟೆ ರಿಬ್ಬನ್ನಿನಂತೆ ಬೇರೆಬೇರೆಯಾಗಿ ಎದ್ದು ತೋರಬೇಕಿತ್ತು.

ಓಡುವ ಬಸ್ಸಿನ ಕಿಟಕಿಯ ಗಾಜಿಗೆ ಅಂಟಿಸಿದ ಸ್ಟಿಕರ್ ಇದ್ದಂತೆ ಇದು. ಹೊರಗೆ ಹೊಲ ಬರುತ್ತದೆ, ಗಿಡ ಬರುತ್ತದೆ, ಊರು ಬರುತ್ತದೆ, ಸ್ಟಿಕರ್ ಇದ್ದಲ್ಲೇ ಇರುತ್ತದೆ. ಅದು ಊರಿಗೆ ಸೇರಿದ್ದಲ್ಲ, ಗಾಜಿಗೆ ಸೇರಿದ್ದು ಎಂದು ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ನನಗೆ ಗೊತ್ತಾಗಲಿಲ್ಲ.

ನೆಪ ಬೇಕಾದರೆ ಇದೆ. ಫೋಟೋ ಬಂದಾಗ ಬಲಗಣ್ಣಿನ ಪೊರೆ ತೆಗೆಸಿ ಮೂರೇ ದಿನವಾಗಿತ್ತು. ಮೊಬೈಲನ್ನು ಎಡಗಣ್ಣಿನ ಹತ್ತಿರ ಹಿಡಿದು ನೋಡಿದ್ದೆ. ತನಿಖೆ ಮಾಡುತ್ತಿರುವ ಪಿಎಸ್ಐ ಪ್ರತಾಪ ಎದುರಿಗೇ ಕೂತಿದ್ದ. "ಸರಕಾರಿ ಲ್ಯಾಬಿನ ವರದಿ ಬರಾಕ ಆರು ತಿಂಗಳ ಬೇಕ್ರಿ ಮೇಡಂ. ನೀವು ನೋಡಿ ಹೇಳಿದ್ರ ಅಗದಿ ಪಕ್ಕಾ," ಅಂದಿದ್ದ. ಆ ಮಾತಿಗೆ ಉಬ್ಬಿಹೋದೆ. ನಿವೃತ್ತಿಯಾಗಿ ನಾಲ್ಕು ವರ್ಷದ ಮೇಲೆ ಯಾರೋ ನನ್ನ ಕಣ್ಣಿಗೆ ಬೆಲೆ ಕೊಟ್ಟಿದ್ದರು. ಅದೂ ಆ ಕಣ್ಣಿಗೆ ಬಟ್ಟೆ ಕಟ್ಟಿದ್ದಾಗ.

ಇಪ್ಪತ್ತೊಂಬತ್ತು ವರ್ಷ ಇದೇ ಲ್ಯಾಬಿನಲ್ಲಿ ಮಕ್ಕಳಿಗೆ ಹೇಳಿದ್ದು ಒಂದೇ ಮಾತು. ಏನಾದರೂ ಕಂಡರೆ ಮೊದಲು ಸ್ಲೈಡನ್ನು ಅಲುಗಿಸಿ. ಕಂಡದ್ದೂ ಅಲುಗಿದರೆ ಅದು ಸ್ಲೈಡಿನ ಮೇಲಿದೆ. ಅಲುಗದಿದ್ದರೆ ಐಪೀಸು ತಿರುಗಿಸಿ. ಅದೂ ತಿರುಗಿದರೆ ಅದು ನಿಮ್ಮ ಕಣ್ಣ ಬುಡದ ಕಸ, ಅದನ್ನು ನಂಬಬೇಡಿ.

ಫೋಟೋವನ್ನು ಅಲುಗಿಸಲು ಬರುವುದಿಲ್ಲ. ಆ ಒಂದು ಕಾರಣಕ್ಕೇ ನಾನು ಸಹಿ ಹಾಕಬಾರದಿತ್ತು. ಸ್ಲೈಡುಗಳನ್ನು ಈಗ ತರಿಸಿ ನೋಡೋಣವೆಂದರೆ ಅವೂ ಇಲ್ಲ. ಸರಕಾರಿ ಲ್ಯಾಬಿಗೆ ಮುಟ್ಟುವಷ್ಟರಲ್ಲಿ ಮೂರೂ ಒಡೆದಿದ್ದವೆಂದು ಹೋದ ವಾರ ಪತ್ರ ಬಂದಿದೆ. ಉಳಿದಿರುವುದು ಈ ಫೋಟೋ, ನನ್ನ ಸಹಿ, ಜೈಲಿನಲ್ಲಿರುವ ಮನುಷ್ಯ.

ಐಪೀಸನ್ನು ಕೊಳವೆಯಿಂದ ಹೊರಗೆಳೆದೆ. ಹಳೆಯ ಕಪ್ಪು ಐಪೀಸು. ಮೇಲಿನ ಮಸೂರದ ತಿರುಪು ಬಿಚ್ಚಿ ಒಳಗೆ ಇಣುಕಿದೆ. ಒಳಗೆ ನಡುವಿನಲ್ಲಿ ಒಂದು ಲೋಹದ ಬಳೆ ಇರುತ್ತದೆ. ಕೆಳಗಿನಿಂದ ಬಂದ ಬಿಂಬ ನಿಲ್ಲುವುದು ಅದರ ಮಟ್ಟದಲ್ಲಿ. ಮಸೂರದ ಮೇಲೆ ಧೂಳು ಕೂತರೆ ಮಸುಕಾಗಿ ಕಾಣುತ್ತದೆ. ಆ ಬಳೆಯ ಮೇಲೆ ಏನಿದ್ದರೂ ಸ್ಲೈಡಿನ ಮೇಲೇ ಇದೆಯೇನೋ ಅನ್ನುವಷ್ಟು ನಿಚ್ಚಳ.

ಎಳೆ ಬಳೆಗೆ ಅಂಟಿತ್ತು. ಉಗುರಿಗೆ ಹಚ್ಚುವ ಬಣ್ಣದ ಒಂದು ಹನಿಯಿಂದ ಅಂಟಿಸಿದ್ದರು. ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದ್ದರು.

ಆ ಓರೆ ಕತ್ತರಿಕೆ ನೋಡಿದ ಕೂಡಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅದು ನನ್ನ ಕೈಕೆಲಸ.

ಇಡೀ ತರಗತಿಗೆ ಒಂದೇ ಮೈಕ್ರೋಸ್ಕೋಪು ಇದ್ದ ಕಾಲ. ನಲವತ್ತು ಮಕ್ಕಳು ಸಾಲು ನಿಂತು ಒಬ್ಬೊಬ್ಬರೇ ಬಗ್ಗುತ್ತಿದ್ದರು. 'ಎಲ್ಲಿ ನೋಡಬೇಕ್ರಿ ಮೇಡಂ' ಎಂದು ಪ್ರತಿಯೊಬ್ಬರದೂ ಒಂದೇ ರಾಗ. ಅದಕ್ಕೆ ಲ್ಯಾಬಿನವರೆಲ್ಲ ಮಾಡುವ ಉಪಾಯವನ್ನೇ ನಾನೂ ಮಾಡಿದೆ. ಐಪೀಸಿನೊಳಗೆ ತಲೆಗೂದಲ ಒಂದು ಚೂರು ಅಂಟಿಸಿದರೆ ಅದೇ ಬಾಣದ ಗುರುತಾಗುತ್ತದೆ. ನೋಡಬೇಕಾದ್ದನ್ನು ಅದರ ತುದಿಗೆ ತಂದು ನಿಲ್ಲಿಸಿದರೆ ಮಕ್ಕಳಿಗೆ ಬೇರೆ ಹೇಳುವುದೇ ಬೇಡ. ಆ ವರ್ಷ ಕೂದಲು ತೀರ ತೆಳುವಾಯಿತೆಂದು ಮನೆಯ ಜಮಖಾನೆಯ ಅಂಚಿನಿಂದ ಒಂದು ದಾರ ಕಿತ್ತು, ಬಿಡಿಸಿ, ಒಂದೆಳೆ ಅಂಟಿಸಿದ್ದೆ. ಅಂಚಿನಲ್ಲಿ ಬೆಳಕು ಹಾಯ್ದಲ್ಲಿ ಕೆಂಪಗೆ ಹೊಳೆಯುತ್ತಿತ್ತು.

ಆ ಜಮಖಾನೆ ಎಲ್ಲಿಯದು? ನಾನು ಮನೆ ಕಟ್ಟಿಸಿದಾಗ ಮುಬಶಿರಾಳ ಅತ್ತೆ ನೇಯ್ದು ತಂದುಕೊಟ್ಟದ್ದು.

ಹೋಲಿಕೆಯಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಎಳೆ ನಿಜವಾಗಿಯೂ ಅವರ ಮನೆಯದೇ. ಸತ್ತವಳ ಉಗುರಿನಲ್ಲಿ ಮಾತ್ರ ಅದು ಎಂದೂ ಇರಲಿಲ್ಲ.

"ಮುಬಶಿರಾ, ಒಳಗ ಬಾ," ಎಂದೆ. ಇನ್ನು ತಡಿ ಅನ್ನುವುದರಲ್ಲಿ ಅರ್ಥವಿರಲಿಲ್ಲ. "ನಿನ್ನ ಗಂಡಂದು ಏನೂ ತಪ್ಪಿಲ್ಲ. ತಪ್ಪು ನಂದು."

ಎಲ್ಲವನ್ನೂ ಹೇಳಿದೆ. ಐಪೀಸನ್ನು ಬೆಳಕಿಗೆ ಹಿಡಿದು ತೋರಿಸಿದೆ. ಆಕೆ ಒಂದು ಕಣ್ಣು ಮುಚ್ಚಿ ನೋಡಿದಳು, ಬಹಳ ಹೊತ್ತು ನೋಡಿದಳು.

"ನಮ್ಮತ್ತೀ ಕೈದರಿ ಇದು," ಎಂದಳು. "ಈ ಕೆಂಪು ನನಗ ಹೇಳಿಕೊಟ್ಟು ಹೋದ್ರು. ನಿನ್ನ ಮಗಳು ಫರಹತ್‌ಗ ಹೇಳಬ್ಯಾಡ, ಹೆಣ್ಣ ಮಗಳು ಬ್ಯಾರೆ ಮನೀಗೆ ಹೊಕ್ಕಾಳ, ಮುಂದ ಸೊಸಿ ಬಂದ್ರ ಸೊಸಿಗೆ ಹೇಳು ಅಂದಿದ್ರು."

ನನಗೆ ಗೊತ್ತಿತ್ತು. ಆ ಬಣ್ಣದ ಹದ ಆ ಮನೆಯ ಅತ್ತೆಯಿಂದ ಸೊಸೆಗೆ ಮಾತ್ರ ಬರುವಂಥದ್ದು. ಮುಬಶಿರಾ ತನ್ನ ಸ್ವಂತ ಮಗಳು ಫರಹತ್‌ಗೂ ಕಲಿಸಿಲ್ಲ. ಅದಕ್ಕೇ ಪೊಲೀಸರು ಫೋಟೋ ತೋರಿಸಿದಾಗ, ಅದು ಎಲ್ಲಿ ಸಿಕ್ಕಿದ್ದೆಂದು ಹೇಳುವ ಮೊದಲೇ, ಈಕೆ ಅಭಿಮಾನದಿಂದ ಬಾಯಿ ಬಿಟ್ಟಿದ್ದಳು. 'ಇದು ನಮ್ಮ ಮನೀ ಕೆಂಪರಿ, ಇಡೀ ನವಲಗುಂದದಾಗ ಬ್ಯಾರೆ ಯಾರಿಗೂ ಬರಂಗಿಲ್ಲ.' ಅದನ್ನೂ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

"ಹಂಗಾರ ನಾ ಹೇಳಿದ್ದೂ ಅವ್ರಿಗೆ ಮುಳುವಾತಲ್ರಿ," ಎಂದಳು ಮುಬಶಿರಾ.

ಸ್ಟೂಲನ್ನು ಆಕೆಯ ಕಡೆ ಸರಿಸಿದೆ. ಆಕೆ ಕೂರಲಿಲ್ಲ.

"ಮೊನ್ನೆ ಭೇಟಿಗೆ ಹೋಗಿದ್ದೆ. ನನ್ನ ಗುರ್ತಾನ ಹಿಡೀಲಿಲ್ರಿ. ಸಕ್ಕರಿ ಬ್ಯಾನಿ ಗುಳಗಿ ತಗೊಳ್ಳೂದು ಬಿಟ್ಟಾರಂತ, ಊಟಾ ಬಿಟ್ಟಾರಂತ. ಎದಕ ಬೇಕ ಅಂತಾರಂತ. ನಾಳೆ ಬೇಲ್ ಸಿಗಲಿಲ್ಲಂದ್ರ ಅವ್ರು ಉಳಿಯಂಗಿಲ್ಲ ಅಕ್ಕಾರ."

ಧಾರವಾಡದ ಕೋರ್ಟಿನಲ್ಲಿ ನಾಳೆ ಹನ್ನೊಂದಕ್ಕೆ ಅರ್ಜಿ ಬರುತ್ತದೆ. ಒಮ್ಮೆ ತಿರಸ್ಕಾರವಾಗಿದೆ, ನನ್ನ ವರದಿಯ ಆಧಾರದ ಮೇಲೆಯೇ.

ಹೊರಗೆ ವರಾಂಡದಲ್ಲಿ ಚಪ್ಪಲಿ ಸದ್ದಾಯಿತು. ಗುಡದಪ್ಪ. ಕಾಲೇಜು ಹೊಸ ಕಟ್ಟಡಕ್ಕೆ ಹೋದ ಮೇಲೂ ಈ ಹಳೆಯ ಲ್ಯಾಬಿನ ಕೀಲಿ ಇಟ್ಟುಕೊಂಡಿರುವ ಅಟೆಂಡರ್. ನನ್ನ ಜೊತೆ ಇಪ್ಪತ್ತೆರಡು ವರ್ಷ ಕಪ್ಪೆ ಹಿಡಿದು, ಗಾಜು ತೊಳೆದು, ನನ್ನ ಬೈಗುಳ ತಿಂದ ಮನುಷ್ಯ.

"ಗುಡದಪ್ಪ, ಇದು ಎಲ್ಲಿತ್ತು?"

"ಯಾವ್ದರಿ ಅಕ್ಕಾರ?"

"ದಾರದ ಕಣ್ಣು." ಆ ಹೆಸರು ಇಟ್ಟವನೇ ಅವನು.

ಅವನು ನನ್ನ ಕೈಯಲ್ಲಿದ್ದ ಐಪೀಸನ್ನು ನೋಡಿ ಕಿಟಕಿಯ ಕಡೆ ತಿರುಗಿದ.

"ಕಪಾಟಿನ್ಯಾಗ ಇತ್ರಿ. ಮುಲಾಮಿನ ಡಬ್ಬ್ಯಾಗ. ಹುಡುಗೂರು ಗೊಂದಲಾ ಮಾಡ್ಕೋತಾರ, ಇನ್ನ ಇದನ್ನ ಹಾಕಬ್ಯಾಡ ಅಂತ ನೀವ ಇಡಿಸಿದ್ರಿ."

"ಮತ್ತ ಮೈಕ್ರೋಸ್ಕೋಪಿಗೆ ಯಾರು ಹಾಕಿದ್ರು?"

"ನಾ ಅಲ್ರಿ."

"ನೀ ಅಲ್ಲಂದ್ರ ಅದು ತಾನ ಹಾರಿ ಬಂತೇನು?"

ಗುಡದಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಫೋಟೋ ತೆಗದ ದಿನಾ ಯಾರ್ಯಾರು ಬಂದಿದ್ರು?"

"ಸಾಹೇಬ್ರು ಬಂದಿದ್ರಿ, ಪಿಎಸ್ಐ ಸಾಹೇಬ್ರು. ಆಸ್ಪತ್ರಿ ಮೈಕ್ರೋಸ್ಕೋಪ್ ಕೆಟ್ಟೈತಿ, ಇಲ್ಲೇ ಫೋಟೋ ತೆಗೀತೀವಿ ಅಂದ್ರು. ಕೂಡ ಭಾಗ್ಯಾ ಇದ್ಲು, ಆಸ್ಪತ್ರಿ ಲ್ಯಾಬಿನಾಕಿ, ನಿಮ್ಮ ಶಿಷ್ಯಳು. ಸ್ಲೈಡಿನ ಡಬ್ಬಿ ಆಕಿ ಕೈಯಾಗ ಇತ್ರಿ."

"ಬಾಗಲಾ ಯಾರು ತಗದ್ರು?"

"ನಾ ಮುಂದಿನ ಬಾಗಲದ ಕೀಲಿ ಹುಡಕೂದ್ರಾಗ ಸಾಹೇಬ್ರು ಹಿಂದಿನ ಬಾಗಲಾ ಎತ್ತಿ ದೂಡಿ ಒಳಗ ಇದ್ರು. ಆಮ್ಯಾಲೆ ನನ್ನ ಚಾ ತರಾಕ ಕಳಿಸಿದ್ರು. ಬಂದು ನೋಡೂದ್ರಾಗ ಎಲ್ಲಾ ಹಚ್ಚಿ ಇಟ್ಟಿದ್ರು."

"ಮ್ಯಾಲೆ ಯಾವ ಕಣ್ಣಿತ್ತು?"

ಅವನು ಟೋಪಿಯ ಅಂಚು ತಿರುವತೊಡಗಿದ.

"ಗುಡದಪ್ಪ, ನಿನ್ನ ಕೇಳಾಕತ್ತೀನಿ. ಯಾವ ಕಣ್ಣಿತ್ತು?"

"ಕಪ್ಪಂದು," ಎಂದ. "ನಾವು ದಿನಾ ಹಾಕೂದು ಬೆಳ್ಳಂದು. ಕಪ್ಪಂದು ಇದ್ದದ್ದು ನಾ ನೋಡಿದೆ. ಹೇಳಲಿಲ್ಲ."

"ಯಾಕ ಹೇಳಲಿಲ್ಲ?"

"ಪೊಲೀಸರ ಮುಂದ ನಾ ಏನ್ ಹೇಳ್ಲಿರಿ? ಕಲ್ತವ್ರು ಮಾಡಿದ್ದು ಬರೋಬರಿ ಇರ್ತೈತಿ ಅಂದ್ಕೊಂಡೆ. ನೀವ ಸಹಿ ಮಾಡಿದ್ರಿ ಅಂದಮ್ಯಾಲಂತೂ ಮುಗದ ಹೋತು ಅಂದ್ಕೊಂಡೆ."

"ನಲವತ್ತ ದಿನಾ ಬಾಯಿಗೆ ಬೀಗ ಹಾಕ್ಕೊಂಡ ಕುಂತಿಯಲ್ಲೋ! ಒಬ್ಬ ಮನಷ್ಯಾ ಸಾಯಾಕತ್ತಾನ!"

ಲ್ಯಾಬಿನ ಹಂಚು ಹಾರುವಂತೆ ಕೂಗಿದ್ದೆ. ಗುಡದಪ್ಪ ಒಂದು ಹೆಜ್ಜೆ ಹಿಂದೆ ಸರಿದ. ನಡುವೆ ಬಂದು ನಿಂತವಳು ಮುಬಶಿರಾ.

"ಅವ್ರಿಗೆ ಬೈಬ್ಯಾಡ್ರಿ ಅಕ್ಕಾರ. ನಾವೆಲ್ಲಾರೂ ಒಂದೊಂದು ತಪ್ಪ ಮಾಡೀವಿ."

ಆಕೆ ಕೂಗಿದ್ದರೆ, ನನ್ನ ಮುಖಕ್ಕೆ ಉಗುಳಿದ್ದರೆ ಎಷ್ಟೋ ಚಲೋ ಇತ್ತು. ಆ ಮಾತು ಕೇಳಿ ನನಗೆ ನಿಲ್ಲಲಾಗಲಿಲ್ಲ. ಗೋಡೆಗೆ ಮುಖಮಾಡಿ ಅತ್ತುಬಿಟ್ಟೆ. ಹೊಸ ಕಣ್ಣಿನಿಂದ ಅತ್ತದ್ದು ಅದೇ ಮೊದಲು, ಉರಿಯಿತು.

ಭಾಗ್ಯಾ. ಮುಖ ತೊಳೆದುಕೊಳ್ಳುವಾಗ ತಲೆಯಲ್ಲಿ ಆ ಒಂದೇ ಹೆಸರು. ಸ್ಲೈಡು ಮಾಡಿದವಳು ಅವಳು, ಮೈಕ್ರೋಸ್ಕೋಪು ಹಚ್ಚಲು ಬರುವವಳು ಅವಳು, ಈ ಲ್ಯಾಬಿನ ಕಪಾಟು ಗೊತ್ತಿದ್ದವಳೂ ಅವಳು. ಸುನೀತಾ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಇರುವವಳು. ಇಬ್ಬರ ನಡುವೆ ಏನಿತ್ತೋ ಯಾರಿಗೆ ಗೊತ್ತು? ಅವಳಿಗೆ ಆ ನೌಕರಿಗೆ ಶಿಫಾರಸು ಬರೆದವಳೂ ನಾನೇ. ನನ್ನ ಸಹಿಗೆ ಅದೇನು ಶಾಪವೋ ಅನ್ನಿಸಿತು.

ಧಾರವಾಡದ ವಕೀಲ ಭೀಮೇಶನಿಗೆ ಫೋನು ಹಚ್ಚಿದೆ. ಮಹಬೂಬಸಾಬನ ಪರವಾಗಿ ಓಡಾಡುತ್ತಿರುವವನು ಅವನೊಬ್ಬನೇ.

"ಆ ಐಪೀಸ್ ಈಗಿಂದೀಗ ನನಗ ಬೇಕ್ರಿ," ಎಂದ ಭೀಮೇಶ. "ನಿಮ್ಮ ವರದಿ ತಪ್ಪು ಅಂತ ಒಂದು ಕಾಗದಾನೂ ಬರದು ಕಳಿಸ್ರಿ. ಆದ್ರ ಅಕ್ಕಾರ, ಒಂದು ಮಾತು. ಬರೇ ದಾರ ತೋರಿಸಿದ್ರ ಎದುರಿನವ್ರು ಏನಂತಾರ? ನಿನ್ನೆ ಮೊನ್ನೆ ನೀವ ಅಂಟಿಸೀರಿ ಅಂತಾರ. ಆ ದಾರ ಅದರಾಗ ಮೊದಲಿಂದ ಇತ್ತು ಅನ್ನಾಕ ಏನರ ಪುರಾವೆ ಐತೇನ್ರಿ?"

ಪುರಾವೆ. ಹಳೆಯ ದಾರಕ್ಕೆ ಯಾರು ಜಾತಕ ಬರೆದಿಟ್ಟಿರುತ್ತಾರೆ?

ಇಲ್ಲ ಎನ್ನಲು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಬರೆದಿಟ್ಟಿದ್ದ, ಒಬ್ಬ ದಡ್ಡ ಬರೆದಿಟ್ಟಿದ್ದ!

ದಾರ ಅಂಟಿಸಿದ ವರ್ಷ ಒಬ್ಬ ವಿದ್ಯಾರ್ಥಿ ತನ್ನ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಯ ಚಿತ್ರ ಬರೆದು, ಅದರ ಹಿಂದೆ ಕೆಂಪು ಪೆನ್ಸಿಲ್ಲಿನಿಂದ ಒಂದು ಬಾಲ ಎಳೆದಿದ್ದ. ಗುರುತಿನ ದಾರವನ್ನು ಆ ಜೀವಿಯ ಬಾಲವೆಂದೇ ತಿಳಿದು, ಬಾಣ ಹಾಕಿ, ಪಕ್ಕದಲ್ಲಿ 'ಬಾಲ' ಎಂದೂ ಬರೆದಿದ್ದ. ಇದು ನವಲಗುಂದದ ಜಮಖಾನೆಯ ದಾರವೋ ಎಂದು ಇಡೀ ತರಗತಿಗೆ ಎತ್ತಿ ತೋರಿಸಿ ನಗಿಸಿದ್ದೆ. ಮುಖ ನೆನಪಿಲ್ಲ, ಹೆಸರೂ ನೆನಪಿಲ್ಲ. ಅರ್ಧವರ್ಷಕ್ಕೇ ಬೇರೆ ಕಾಲೇಜಿಗೆ ಹೋದ ಹುಡುಗ. ನೆನಪಿರುವುದು ಆ ಬಾಲ ಮಾತ್ರ. ಆ ರೆಕಾರ್ಡು ಸಿಕ್ಕರೆ ದಾರ ಹದಿನೈದು ವರ್ಷದಿಂದ ಐಪೀಸಿನೊಳಗಿತ್ತೆಂದು ಕೋರ್ಟಿನ ಮುಂದೆ ಇಡಬಹುದು.

"ಐತಿ ಭೀಮೇಶ. ಹುಡುಕಿ ತರ್ತೀನಿ," ಎಂದೆ.

ಮುಬಶಿರಾ ಮುಂದಿನ ಬಸ್ಸಿಗೆ ಐಪೀಸು ತೆಗೆದುಕೊಂಡು ಹೋಗುವುದು, ನಾನು ರೆಕಾರ್ಡು ಹುಡುಕಿ ಸಂಜೆಯ ಬಸ್ಸು ಹಿಡಿಯುವುದು ಎಂದಾಯಿತು. ಐಪೀಸನ್ನು ಕರವಸ್ತ್ರದಲ್ಲಿ ಸುತ್ತಿ ಹಳೆಯ ಮುಲಾಮಿನ ಡಬ್ಬಿಗೇ ಹಾಕಿದೆ. ಹಾಳೆಯ ಮೇಲೆ ನಾಲ್ಕು ಸಾಲು ಬರೆದೆ. 'ನನ್ನ ವರದಿ ತಪ್ಪು. ಸ್ಲೈಡನ್ನು ನಾನು ಕಣ್ಣಾರೆ ನೋಡಿಲ್ಲ.' ಕೆಳಗೆ ಸಹಿ ಹಾಕಿ ದಿನಾಂಕ ಬರೆದೆ.

"ಕೈಯಾಗ ಹಿಡ್ಕೊ. ಚೀಲದಾಗ ಹಾಕಬ್ಯಾಡ, ಯಾರ ಕೈಗೂ ಕೊಡಬ್ಯಾಡ. ಇದ ಒಂದ ಐತಿ ನಮಗ."

"ಕೊಡಂಗಿಲ್ರಿ," ಎಂದು ಮುಬಶಿರಾ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಬಸ್ಸು ಬರಲು ಇನ್ನೂ ಮುಕ್ಕಾಲು ತಾಸು ಇತ್ತು. ಕೂತು ಕಾಯುತ್ತೇನೆ ಎಂದಳು.

ಆಮೇಲೆ ನಾನು ಮಾಡಿದ್ದು ಸರಿಯೆಂದೇ ಆಗ ಅನ್ನಿಸಿತ್ತು. ತಪ್ಪು ಮಾಡಿದವರು ತಾವಾಗಿ ಬಂದು ಹೇಳಬೇಕೆಂದು ಮಕ್ಕಳಿಗೆ ಕಲಿಸಿದವಳು ನಾನು. ತನಿಖೆಯ ಅಧಿಕಾರಿಗೆ ತಿಳಿಸದೆ ವಕೀಲನಿಗೆ ಮಾತ್ರ ತಿಳಿಸುವುದು ನೇರ ನಡತೆಯಲ್ಲ. ಪ್ರತಾಪನಿಗೆ ಫೋನು ಮಾಡಿದೆ.

ಒಳ್ಳೆಯ ಹುಡುಗ. ಆರು ತಿಂಗಳ ಹಿಂದೆ ವರ್ಗವಾಗಿ ಬಂದಾಗಲೇ ಮನೆಗೆ ಬಂದು ಕಾಲು ಮುಟ್ಟಿದ್ದ. 'ಈ ಭಾಗಕ್ಕ ಇದ ಮೊದಲ್ನೇ ಸಲ ಬಂದೀನ್ರಿ ಮೇಡಂ. ಹಿರಿಯರು ನೀವು, ದಾರಿ ತೋರಿಸಬೇಕು,' ಅಂದಿದ್ದ. ಈಗಲೂ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡ. ಭಾಗ್ಯಾಳ ಮೇಲಿನ ನನ್ನ ಸಂಶಯವನ್ನೂ ಹೇಳಿದೆ.

"ಮನಸಿಗೆ ಹಚ್ಕೋಬ್ಯಾಡ್ರಿ ಮೇಡಂ," ಎಂದ. "ತಪ್ಪು ಯಾರಿಗಿಲ್ರಿ. ನಾನ ಕೋರ್ಟಿಗೆ ಹೇಳ್ತೀನಿ. ಈಗ ಐಪೀಸ್ ಎಲ್ಲೈತ್ರಿ?"

"ಮುಬಶಿರಾ ಕೈಯಾಗ ಕೊಟ್ಟೀನಿ. ಬಸ್ ಸ್ಟ್ಯಾಂಡಿನ್ಯಾಗ ಕುಂತಾಳ, ಧಾರವಾಡಕ್ಕ ಹೊಂಟಾಳ."

"ಬಸ್ ಎದಕ್ರಿ? ನಾನೂ ಧಾರವಾಡಕ್ಕ ಹೊಂಟೀನಿ. ಪಾಪ, ಜೀಪಿನ್ಯಾಗ ಕರ್ಕೊಂಡ್ ಹೊಕ್ಕೀನಿ. ಮತ್ತ್ಯಾರ ಮುಂದೂ ಸದ್ಯಕ್ಕ ಈ ಮಾತ ಹೇಳಬ್ಯಾಡ್ರಿ."

ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು. 'ದೇವರಂಥಾವ ನೀನು' ಎಂದೆ. ಹೌದು, ಅದೇ ಮಾತು ಅಂದೆ. ಮುಬಶಿರಾಳಿಗೂ ಫೋನು ಮಾಡಿ, ಸಾಹೇಬರು ಬರುತ್ತಾರೆ, ಹೆದರದೆ ಜೀಪು ಹತ್ತು ಎಂದು ಹೇಳಿದೆ.

ಗುಡದಪ್ಪ ಆಗಲೇ ಅಟ್ಟ ಹತ್ತಿದ್ದ. ಹಳೆಯ ರೆಕಾರ್ಡುಗಳ ಗಂಟುಗಳನ್ನು ಒಂದೊಂದಾಗಿ ಕೆಳಗೆ ಬಿಟ್ಟ. ಇಲಿ ತಿಂದವು ಎಷ್ಟೋ, ಸೋರಿ ಅಂಟಿಕೊಂಡವು ಎಷ್ಟೋ. ನೆಲದ ಮೇಲೆ ಕೂತು ಪುಟ ತಿರುವಿದೆವು. ಪ್ಯಾರಾಮೀಸಿಯಂ, ಬಾಲವಿಲ್ಲ. ಇನ್ನೊಂದು ಪ್ಯಾರಾಮೀಸಿಯಂ, ಬಾಲವಿಲ್ಲ. ನಲವತ್ತು ಮಕ್ಕಳೂ ಒಬ್ಬರನ್ನೊಬ್ಬರು ನೋಡಿ ಬರೆದ ಒಂದೇ ಚಿತ್ರ. ಬದಿಗಿಟ್ಟ ರೆಕಾರ್ಡುಗಳ ಗುಡ್ಡೆ ಬೆಳೆಯುತ್ತಿತ್ತು.

"ಅಕ್ಕಾರ," ಎಂದ ಗುಡದಪ್ಪ. "ಇದ ನೋಡ್ರಿ."

ಇತ್ತು. ಚಪ್ಪಲಿಯ ಅಚ್ಚಿನಂಥ ದೇಹ, ಅದರ ಬಲಗಡೆಯ ಮೇಲಿನಿಂದ ಕೆಂಪು ಬಾಲ, ಪಕ್ಕದಲ್ಲಿ ನನ್ನದೇ ಕೆಂಪು ಮಸಿಯ ಬರಹ. 'ಇದು ಬಾಲವಲ್ಲ, ಐಪೀಸಿನೊಳಗಿನ ದಾರ. ಕಣ್ಣು ಬಿಟ್ಟು ನೋಡು.' ಕೆಳಗೆ ಸಹಿ, ತಾರೀಖು. ಹದಿನೈದು ವರ್ಷದ ಹಿಂದಿನದು.

ಸಾಕು! ಇಷ್ಟು ಸಾಕು! ಮಹಬೂಬಸಾಬ ನಾಳೆ ಹೊರಗೆ ಬರುತ್ತಾನೆ. ನಾನು ಗುಡದಪ್ಪನ ಕೈ ಹಿಡಿದುಕೊಂಡು ನಕ್ಕೆ. ಅವನೂ ನಕ್ಕ, ಕಣ್ಣಲ್ಲಿ ನೀರಿತ್ತು.

"ಯಾರರಿ ಆ ಶಾಣ್ಯಾ?" ಎಂದ.

ರಟ್ಟಿಗೆ ಅಂಟಿದ್ದ ಧೂಳನ್ನು ಅಂಗೈಯಿಂದ ಒರೆಸಿದೆ. ಹೆಸರಿನ ಚೀಟಿಯ ಒಂದು ಮೂಲೆಯನ್ನು ಇಲಿ ಕಚ್ಚಿತ್ತು. ಉಳಿದದ್ದು ಸ್ಪಷ್ಟವಾಗಿತ್ತು.

ಪ್ರತಾಪ ಎಸ್. ಕಿತ್ತೂರ.

ಆ ಮೂರು ಶಬ್ದಗಳನ್ನು ಇದೇ ಕ್ರಮದಲ್ಲಿ ನಾನು ಇತ್ತೀಚೆಗೆ ಎಷ್ಟೋ ಸಲ ಓದಿದ್ದೇನೆ. ಖಾಕಿ ಅಂಗಿಯ ಎದೆಯ ಮೇಲಿನ ಪಟ್ಟಿಯಲ್ಲಿ.

ಈ ಭಾಗಕ್ಕೆ ಮೊದಲ ಸಲ ಬಂದವನು. ಹಿಂದಿನ ಬಾಗಿಲನ್ನು ಎತ್ತಿ ದೂಡಿದರೆ ತೆರೆಯುತ್ತದೆಂದು, ತಡವಾಗಿ ಬಂದು ಕದ್ದು ಒಳಗೆ ನುಸುಳುವ ನಮ್ಮ ವಿದ್ಯಾರ್ಥಿಗಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಅದನ್ನು ಗುಡದಪ್ಪ ಹೇಳಿದಾಗ ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡು ಭಾಗ್ಯಾಳ ಹೆಸರು ಹಿಡಿದಿದ್ದೆ. ಈ ಸಲ ಕಣ್ಣಿಗೆ ಬಟ್ಟೆಯೂ ಇರಲಿಲ್ಲ.

ಫೋನು ಹಚ್ಚಿದೆ. ಮುಬಶಿರಾಳ ನಂಬರು ಸ್ವಿಚ್ ಆಫ್. ಮತ್ತೆ ಹಚ್ಚಿದೆ. ಸ್ವಿಚ್ ಆಫ್.

ರಸ್ತೆಯಲ್ಲಿ ಜೀಪಿನ ಸದ್ದು ಕೇಳಿತು. ರೆಕಾರ್ಡನ್ನು ಹಿಡಿದುಕೊಂಡೇ ಹೊರಗೆ ಓಡಿದೆ. ಮುಳ್ಳುಬೇಲಿಯ ಆಚೆ ಜೀಪು ನಮ್ಮ ಕಡೆಗೇ ಬರುತ್ತಿತ್ತು. ಮುಂದೆ ಪ್ರತಾಪ ಒಬ್ಬನೇ, ತಾನೇ ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಮುಬಶಿರಾ.

"ಇಳಿ!" ಎಂದು ಕೂಗಿದೆ. "ಮುಬಶಿರಾ, ಇಳಿ! ಇಳೀ!" ರೆಕಾರ್ಡು ಹಿಡಿದ ಕೈಯನ್ನು ತಲೆಯ ಮೇಲೆ ಎತ್ತಿ ಬೀಸಿದೆ.

ಇಂಜಿನ್ನಿನ ಸದ್ದಿಗೆ ಆಕೆಗೆ ನನ್ನ ಕೂಗು ಕೇಳಲಿಲ್ಲ. ಕೈಯಲ್ಲಿದ್ದ ರೆಕಾರ್ಡು ಮಾತ್ರ ಕಂಡಿತು. ಅದು ಸಿಕ್ಕಿತೆಂದು ತಿಳಿಸುತ್ತಿದ್ದೇನೆ ಅಂದುಕೊಂಡಳು. ತಾನೂ ಮುಲಾಮಿನ ಡಬ್ಬಿಯನ್ನು ಎತ್ತಿ, ಇಲ್ಲೇ ಇದೆ, ಯಾರಿಗೂ ಕೊಟ್ಟಿಲ್ಲ ಎಂಬಂತೆ ತೋರಿಸಿದಳು. ನಕ್ಕಳು. ನಲವತ್ತು ದಿನದಲ್ಲಿ ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲ ಸಲ.

ಜೀಪು ನಿಲ್ಲದೆ ನಮ್ಮನ್ನು ದಾಟಿಹೋಯಿತು. ಮುಂದಿನ ಸರ್ಕಲ್ಲಿನಲ್ಲಿ ಧಾರವಾಡಕ್ಕೆ ಹೋಗುವವರು ಬಲಕ್ಕೆ ತಿರುಗಬೇಕು. ಜೀಪು ಎಡಕ್ಕೆ ತಿರುಗಿ, ಬೆಣ್ಣಿಹಳ್ಳದ ದಾರಿ ಹಿಡಿಯಿತು.